ಬೇಲಿಯಾಚೆ ಬಿದ್ದ ಎಲ್ಕ್

ಸ್ಟ್ರೌಡ್ ರಾಂಚಿನ ಹಿಂದಿನ ಗೇಟಿಗೆ ಬೀಗ ಜಡಿದವರನ್ನು ಆರ್ಲೋ ಕೋಸ್ಕಿ ಇವತ್ತಿಗೂ ಕ್ಷಮಿಸಿಲ್ಲ. ಮುದುಕಿ ಸ್ಟ್ರೌಡ್ ಬದುಕಿದ್ದಷ್ಟು ಕಾಲ ಆ ಗೇಟಿಗೆ ಇದ್ದದ್ದು ಒಂದು ತಂತಿಯ ಕುಣಿಕೆ. ತೆಗೆದು ಒಳಗೆ ಹೋಗು, ಹೋದ ಮೇಲೆ ಮತ್ತೆ ಸಿಕ್ಕಿಸು, ದನ ಹೊರಗೆ ಬಿಡಬೇಡ. ಅಷ್ಟೇ ಕಾನೂನು. ಅವಳ ಹುಲ್ಲುಗಾವಲು ದಾಟಿದರೆ ಆಚೆಗೆ ಸರ್ಕಾರಿ ಕಾಡು. ಆರ್ಲೋನ ಅಪ್ಪ ಹಾಗೇ ಹೋದ, ಆರ್ಲೋ ಹಾಗೇ ಹೋದ, ಮಾಂಟಾನಾದ ಆ ಕಣಿವೆಯಲ್ಲಿ ಬಂದೂಕು ಇದ್ದವರೆಲ್ಲ ಹಾಗೇ ಹೋದರು. ಬೇಟೆ ಮುಗಿದ ಮೇಲೆ ಮುದುಕಿಗೆ ಬೆನ್ನಿನ ಮೆತ್ತನೆಯ ಮಾಂಸ ಒಂದು ತುಂಡು ಕೊಟ್ಟರೆ ಅವಳಿಗೂ ಸಂತೋಷ, ಇವರಿಗೂ ಸಂತೋಷ.

ಮುದುಕಿ ಸತ್ತಳು, ಮಕ್ಕಳು ಮಾರಿದರು. ಕೊಂಡವನ ಮುಖ ಊರಿನಲ್ಲಿ ಯಾರೂ ಕಂಡಿಲ್ಲ. ಅವನ ವಿಮಾನ ಮಾತ್ರ ಕಂಡಿದ್ದಾರೆ. ಬಂದ ವರ್ಷವೇ ಗೇಟಿಗೆ ಅಂಗೈಯಗಲದ ಬೀಗ ಬಿತ್ತು. ಬೇಲಿಯ ಕಂಬಗಳಿಗೆಲ್ಲ ಕಿತ್ತಳೆ ಬಣ್ಣ ಬಳಿದರು. ಆ ಬಣ್ಣ ದಾಟಿ ಕಾಲಿಟ್ಟರೆ ಕೇಸು. ಒಳಗೆ ಹಣ ತೆತ್ತು ಬೇಟೆಗೆ ಬರುವವರಿಗೆಂದು ಮರದ ಬಂಗಲೆ ಎದ್ದಿತು. ಒಂದು ಗಂಡು ಎಲ್ಕ್, ಅಂದರೆ ಆ ಕಡೆಯ ದೊಡ್ಡ ಕಡವೆ, ಹೊಡೆಯಲು ಅವರು ಸುರಿಯುತ್ತಿದ್ದ ಡಾಲರಿನಲ್ಲಿ ಆರ್ಲೋನ ಪಿಕಪ್ ಗಾಡಿಯಂಥದ್ದು ಇನ್ನೊಂದು ಬರುತ್ತಿತ್ತು.

ಎಲ್ಕ್‌ಗಳಿಗೂ ಇದು ಬೇಗ ತಿಳಿಯಿತು. ಸರ್ಕಾರಿ ಕಾಡಿನಲ್ಲಿ ಮೊದಲ ಗುಂಡು ಸಿಡಿದದ್ದೇ ತಡ, ಇಡೀ ಹಿಂಡು ಬೇಲಿ ಹಾರಿ ರಾಂಚಿನ ಹುಲ್ಲಿಗೆ ಇಳಿಯುತ್ತಿತ್ತು. ಮೇಲೆ ಕಾಡಿನಲ್ಲಿ ಬಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಲೆಯಬೇಕು. ಕೆಳಗೆ ಬಂಗಲೆಯವರು ಮೊಟ್ಟೆ ತಿಂದು, ಬಾಯಿ ಒರೆಸಿಕೊಂಡು ಬಂದು ಹೊಡೆಯಬೇಕು. ಇದು ಬೇಟೆಯೇ? ಕೋಳಿ ಅಂಗಡಿಗೂ ಇದಕ್ಕೂ ಏನು ವ್ಯತ್ಯಾಸ?

ಇಷ್ಟನ್ನಾದರೂ ಆರ್ಲೋ ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ಆ ಬೀಗದ ಕೀಲಿಕೈ ನೇತಾಡುತ್ತಿದ್ದದ್ದು ಗಾರ್ತ್ ಮೆಕ್‌ನೀಲಿಯ ಸೊಂಟದಲ್ಲಿ.

ಗಾರ್ತ್ ಅಂದರೆ ಆರ್ಲೋನ ಚಡ್ಡಿ ಕಾಲದ ಗೆಳೆಯ. ಇಬ್ಬರೂ ಒಂದೇ ವರ್ಷ ಶಾಲೆ ಬಿಟ್ಟವರು, ಒಂದೇ ಬಂದೂಕಿನಲ್ಲಿ ಗುರಿ ಕಲಿತವರು. ಎಲ್ಕ್ ಅಂದರೆ ಹೋರಿಯಷ್ಟು ಭಾರ, ಒಬ್ಬನ ಬೆನ್ನಿಗೆ ದಕ್ಕುವ ಮಾತಲ್ಲ. ಹಾಗಾಗಿ ಆ ಕಣಿವೆಯಲ್ಲಿ ಒಂದು ರೂಢಿ: ಕಡಿದು ಹೊತ್ತುಕೊಟ್ಟವನಿಗೆ ಒಂದು ಹಿಂತೊಡೆ ಕೊಡಬೇಕು. ಅವನು ಬೇಡ ಎಂದರೆ, ಅವನು ಹೊಡೆದ ದಿನ ಹೋಗಿ ಅವನ ಹೊರೆ ಹೊರಬೇಕು. ಇದಕ್ಕೆ ಬೆನ್ನಿನ ಸಾಲ ಎನ್ನುತ್ತಿದ್ದರು. ಆರ್ಲೋ, ಗಾರ್ತ್ ಇಬ್ಬರೂ ಹಿಂತೊಡೆಯ ಗೋಜಿಗೇ ಹೋದವರಲ್ಲ. ವರ್ಷ ವರ್ಷ ಒಬ್ಬರದ್ದು ಒಬ್ಬರು ಹೊತ್ತು ತೀರಿಸಿಕೊಂಡವರು.

ಅಂಥವನು ಬಂಗಲೆಯ ಗೈಡ್ ಆಗಿ ಸೇರಿದ ಎಂದು ತಿಳಿದ ದಿನ ಆರ್ಲೋ ಡಾಟಿಯ ಕಾಫಿ ಅಂಗಡಿಗೆ ನುಗ್ಗಿದ. ಗಾರ್ತ್ ಆಲೂಗಡ್ಡೆ ತಿನ್ನುತ್ತಾ ಕೂತಿದ್ದ.

“ಏನ್ ಗೇಟಪ್ಪಾ, ಯಜಮಾನ್ರು ಮೂಳೆಗೀಳೆ ಹಾಕ್ತಾರಾ?”

“ಸಂಬಳ ಹಾಕ್ತಾರೆ ಕಣೋ. ಕೂತ್ಕೋ, ಕಾಫಿ ಕುಡಿ.”

“ಬಾಲ ಅಲ್ಲಾಡ್ಸೋಕೆ ಬೇರೆ ಕೊಡ್ತಾರೋ, ಅದೂ ಸಂಬಳದಲ್ಲೇ ಬಂತೋ?”

ಅಂಗಡಿಯೆಲ್ಲ ನಕ್ಕಿತು. ಗಾರ್ತ್ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ಆಮೇಲೆ ನಾಲ್ಕು ವರ್ಷ ಇಬ್ಬರಿಗೂ ಮಾತಿಲ್ಲ. ರಸ್ತೆಯಲ್ಲಿ ಎದುರಾದಾಗ ಗಾರ್ತ್ ಸ್ಟೀರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಿದ್ದ. ಆ ಕಡೆ ನಮಸ್ಕಾರ ಅಂದರೆ ಅದೇ. ಆರ್ಲೋ ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು ಮುಂದೆ ಹೋಗುತ್ತಿದ್ದ.

ನಾಲ್ಕನೆಯ ವರ್ಷದ ಬೇಟೆಯ ಕೊನೆಯ ಭಾನುವಾರ. ಹಿಂದಿನ ವರ್ಷವೂ ಆರ್ಲೋಗೆ ಏನೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ ಲವೋನ್ ಫ್ರೀಜರಿನ ಮುಚ್ಚಳ ಎತ್ತಿ ತೋರಿಸಿದಳು.

“ಬಟಾಣಿ ಇದೆ, ಐಸ್ ಇದೆ. ನಾಳೆಯಿಂದ ಅಂಗಡಿ ಮಾಂಸಾನೇ ತರ್ತೀನಿ, ಆಮೇಲೆ ಮುಖ ಊದಿಸ್ಕೋಬೇಡಿ.”

“ಅಂಗಡಿ ಮಾಂಸ ಈ ಮನೆ ಹೊಸ್ತಿಲು ದಾಟಿದ್ರೆ ನಾನು ಬಟಾಣಿನೇ ತಿಂತೀನಿ.”

ಗೇಟು ಇಲ್ಲದ ಮೇಲೆ ಉಳಿದದ್ದು ಉತ್ತರದ ಸುತ್ತುದಾರಿ, ಎದೆ ಬಿರಿಯುವ ಏರು. ಆರ್ಲೋಗೆ ಒಂದು ಕಡೆ ಕೂತು ಕಾಯುವ ಗುಣ ಇಲ್ಲ. ಈ ಮರದಡಿ ಕೂತ, ಎದ್ದ. ಆ ಬಂಡೆಗೆ ಒರಗಿದ, ಎದ್ದ. ಮಧ್ಯಾಹ್ನದ ಹೊತ್ತಿಗೆ ಬೇಲಿಯ ಮೇಲಿನ ಇಳಿಜಾರಿನಲ್ಲಿ, ಹಿಂಡು ಬಿಟ್ಟ ಒಂದು ಎಳೆ ಗಂಡು ಮರಗಳ ಸಂದಿನಿಂದ ಹೊರಬಂತು. ಹೊಡೆದ. ಗುಂಡು ತಾಗಿದ ಸದ್ದು ಚೆನ್ನಾಗಿಯೇ ಕೇಳಿತು. ಎಲ್ಕ್ ಬೀಳಲಿಲ್ಲ. ಇಳಿಜಾರಿನಲ್ಲಿ ಓಡಿತು, ಬೇಲಿಯ ಮೇಲಿನ ತಂತಿ ಹಾರಿತು, ಆಚೆ ಇಳಿದು ಮೊಣಕಾಲೂರಿ ಮಲಗಿತು. ಮತ್ತೆ ಏಳಲಿಲ್ಲ.

ಆರ್ಲೋ ಬೇಲಿಯವರೆಗೆ ಓಡಿ ನಿಂತ. ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿ ಅವನ ಚಳಿಗಾಲದ ಊಟ ಬಿದ್ದಿತ್ತು. ನಡುವೆ ಕಿತ್ತಳೆ ಬಣ್ಣದ ಕಂಬ. ಕೆಳಗಿನ ತಂತಿಯ ಮೇಲೆ ಕಾಲಿಟ್ಟ, ತೆಗೆದ. ದಾಟಿ ಸಿಕ್ಕಿಬಿದ್ದರೆ ಬಂದೂಕೂ ಹೋಗುತ್ತದೆ, ಪರವಾನಗಿಯೂ ಹೋಗುತ್ತದೆ. ಹಾಗೇ ಬಿಟ್ಟು ಹೋದರೆ ಹೊಡೆದ ಮಾಂಸ ಕೊಳೆಸಿದ ತಪ್ಪು, ಅದಕ್ಕೂ ಕೇಸು. ರಾಂಚಿನವರ ಒಪ್ಪಿಗೆ ಬೇಕು. ಆ ಕಡೆಯವರಲ್ಲಿ ಅವನಿಗೆ ಗೊತ್ತಿದ್ದ ಫೋನ್ ನಂಬರ್ ಒಂದೇ.

ಫೋನ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಹತ್ತಿದ. ಗಾರ್ತ್‌ನ ಹೆಸರು ನೋಡಿದ, ಜೇಬಿಗೆ ಹಾಕಿಕೊಂಡು ಇಳಿದ. ಎರಡು ಕಾಡುಕಾಗೆ ಬಂದು ಎಲ್ಕಿನ ಕಣ್ಣಿನ ಹತ್ತಿರ ಕೂತವು. “ಹೋಗ್ರೇ!” ಎಂದು ಟೊಪ್ಪಿ ಬೀಸಿದ. ಅವು ಅವನನ್ನು ಮನುಷ್ಯ ಎಂದೇ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮತ್ತೆ ಹತ್ತಿ ನಂಬರ್ ಒತ್ತಿದ.

“ಯಾರು?”

“ನಾನು.”

“ನಾನು ಅಂದ್ರೆ?”

“ಕೋಸ್ಕಿ. ಗೊತ್ತಿಲ್ದೋನ್ ಥರ ಆಡ್ಬೇಡ.”

“ಓಹೋ, ಕೋಸ್ಕಿ ಸಾಹೇಬ್ರು! ಗೇಟಪ್ಪ ಮಾತಾಡ್ತಿದೀನಿ, ಅಪ್ಪಣೆ ಆಗ್ಲಿ.”

ಫೋನನ್ನು ಕಣಿವೆಗೆ ಎಸೆಯಬೇಕು ಎನಿಸಿತು. ಕಾಗೆಗಳು ನೆನಪಾದವು. ಹಲ್ಲು ಕಚ್ಚಿಕೊಂಡು ಎಲ್ಲ ಹೇಳಿದ.

“ಕಾಡಿನ ಕಡೆ ನಿಂತಿದ್ದಾಗ್ಲೇ ಹೊಡ್ದೆ ತಾನೇ?”

“ರಕ್ತ ಬಿದ್ದಿದೆ, ಬಂದು ನೋಡು.”

“ನೋಡೋದು ಬೇಡ. ತಂತಿ ದಾಟ್ಬೇಡ, ಅಲ್ಲೇ ಇರು.”

ಬಹಳ ಹೊತ್ತಾದ ಮೇಲೆ ಗಾರ್ತ್ ಕೆಳಗಿನಿಂದ ಕುಂಟುತ್ತಾ ಹತ್ತಿ ಬಂದ. ಕೈಯಲ್ಲಿ ಚಾಕು, ಹೆಗಲ ಮೇಲೆ ಬಟ್ಟೆಯ ಚೀಲಗಳು.

“ಮ್ಯಾನೇಜರ್ ಹೊರಗಿನೋರು ಯಾರೂ ಕಾಲಿಡೋ ಹಾಗಿಲ್ಲ ಅಂದ. ಗಿರಾಕಿಗಳ ಕಣ್ಣಿಗೆ ಬೀಳೋ ಮುಂಚೆ ತೆಗ್ದುಬಿಡು ಅಂತ ನಂಗೆ ಹೇಳ್ದ. ನಿನ್ನ ಚೀಟಿ ಕೊಡು.”

ಹೊಡೆದ ಪ್ರಾಣಿಗೆ ಕಟ್ಟಲೇಬೇಕಾದ ತನ್ನ ಪರವಾನಗಿ ಚೀಟಿಯನ್ನು ಆರ್ಲೋ ತಂತಿಯ ಮೇಲಿಂದ ಕೊಟ್ಟ. ಗಾರ್ತ್ ಅದನ್ನು ಕೊಂಬಿಗೆ ಕಟ್ಟಿ ಕೆಲಸ ಶುರು ಮಾಡಿದ. ಆರ್ಲೋಗೆ ಜೀವನದಲ್ಲಿ ಅಷ್ಟು ಕಷ್ಟದ ಹೊತ್ತು ಇನ್ನೊಂದು ಬಂದಿಲ್ಲ. ತಾನು ಹೊಡೆದದ್ದನ್ನು ಬೇರೆಯವನು ಕಡಿಯುವುದು, ತಾನು ಕೈಕಟ್ಟಿ ನಿಲ್ಲುವುದು! ಬೇಲಿಯುದ್ದಕ್ಕೂ ಆ ತುದಿಗೆ ಹೋದ, ಈ ತುದಿಗೆ ಬಂದ.

“ಚಾಕು ಹಂಗಾ ಹಿಡಿಯೋದು? ಕೂದಲೆಲ್ಲ ಮಾಂಸಕ್ಕೆ ಅಂಟ್ತಿದೆ ನೋಡು!”

“ಹಂಗಾದ್ರೆ ನೀನೇ ಬಂದು ಕುಯ್ಯಿ. ಅಯ್ಯೋ, ಮರ್ತೆ, ನೀನು ಬರಂಗಿಲ್ಲ ಅಲ್ವಾ.”

ಆರ್ಲೋಗೆ ನಗು ಬಂತು. ಬಂದ ನಗುವನ್ನು ಪಕ್ಕಕ್ಕೆ ಉಗುಳಿ ಮರೆಸಿದ.

ಗಾರ್ತ್ ಒಂದೊಂದೇ ಕಾಲನ್ನು ಹೆಗಲಿಗೆ ಹಾಕಿಕೊಂಡು ಏರು ಹತ್ತಿ ತಂದ. ಒಂದು ಮೊಣಕಾಲು ಪ್ರತಿ ಹೆಜ್ಜೆಗೂ ಒಳಕ್ಕೆ ವಾಲುತ್ತಿತ್ತು. ಆರ್ಲೋ ತಂತಿಯ ಮೇಲಿಂದ ಎರಡೂ ಕೈ ಚಾಚಿ ಇಳಿಸಿಕೊಂಡ. ಸುಮ್ಮನೆ ಇರಲಾಗದೆ ಕೇಳಿದ:

“ನಿಂದೇನು ಆಯ್ತು ಈ ಸಲ?”

“ನಂದಾ? ನಾನು ನನಗೋಸ್ಕರ ಬಂದೂಕು ಎತ್ತಿ ನಾಲ್ಕು ವರ್ಷ ಆಯ್ತು. ಸೀಸನ್ ಪೂರ್ತಿ ಗಿರಾಕಿ ಹಿಂದೆ. ಅವರು ಗುರಿ ತಪ್ಪಿದಾಗ ‘ಗಾಳಿ ಜಾಸ್ತಿ ಇತ್ತು ಸಾರ್’ ಅನ್ನೋದೇ ನನ್ನ ಕೆಲ್ಸ. ಪ್ರತಿ ವರ್ಷ ಚೀಟಿ ತಗೋತೀನಿ, ಡಿಸೆಂಬರ್‌ನಲ್ಲಿ ಒಲೆಗೆ ಹಾಕ್ತೀನಿ.”

ಆರ್ಲೋ ಕೈಯಲ್ಲಿದ್ದ ಕಾಲನ್ನು ಹುಲ್ಲಿನ ಮೇಲಿಟ್ಟ. ಈ ಮನುಷ್ಯ ದಿನಾ ಎಲ್ಕ್ ಹಿಂಡಿನ ನಡುವೆ ಮೆರೆಯುತ್ತಿದ್ದಾನೆ ಎಂದು ನಾಲ್ಕು ವರ್ಷ ಹೊಟ್ಟೆ ಉರಿಸಿಕೊಂಡಿದ್ದನಲ್ಲ! ಆ ಉರಿಗೆ ಈಗ ಜಾಗ ಇಲ್ಲದೆ ಕೋಪ ಇನ್ನೂ ಹೆಚ್ಚಾಯಿತು. ಒಂದು ಹಿಂತೊಡೆ ಎತ್ತಿ ತಂತಿಯ ಮೇಲೆ ವಾಪಸು ಚಾಚಿದ.

“ತಗೋ.”

“ಬೇಡ.”

“ರೂಢಿ ಕಣೋ. ತಗೋ, ಕೈ ನೋಯ್ತಿದೆ.”

“ನೋಯ್ಲಿ. ಸಾಲ ಇಟ್ಕೋ. ಇನ್ಮೇಲೆ ಊರಲ್ಲಿ ನನ್ನ ಬೈಯೋದಾದ್ರೆ ಸಾಲ ಇಟ್ಕೊಂಡೇ ಬೈ, ನೋಡೋಣ.” ಗಾರ್ತ್ ಚಾಕುವನ್ನು ಹುಲ್ಲಿಗೆ ಒರೆಸಿ, ಕುಂಟುತ್ತಾ ಇಳಿದು ಹೋದ.

ಮಾಂಸ ಸುತ್ತುದಾರಿಯಲ್ಲಿ ಹೊತ್ತು ಮನೆ ಸೇರಿಸುವಷ್ಟರಲ್ಲಿ ಆರ್ಲೋನ ಸೊಂಟ ಹಿಡಿದುಕೊಂಡಿತು. ಲವೋನ್ ಫ್ರೀಜರ್ ತುಂಬಿಸಿ ಹಾಡು ಗುನುಗಿದಳು. ಆರ್ಲೋ ಮೊದಲ ತುತ್ತಿಗೇ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಮರುದಿನ ಹಿಂತೊಡೆಯನ್ನು ಬಟ್ಟೆಯಲ್ಲಿ ಸುತ್ತಿ ಗಾರ್ತ್‌ನ ಮನೆ ಜಗಲಿಯಲ್ಲಿಟ್ಟು ಕಳ್ಳನ ಹಾಗೆ ಬಂದ. ಬೆಳಗಾಗುವಷ್ಟರಲ್ಲಿ ಅದು ಆರ್ಲೋನ ವೆಲ್ಡಿಂಗ್ ಶೆಡ್ಡಿನ ಬಾಗಿಲಿಗೆ ಚೆಂದವಾಗಿ ನೇತಾಡುತ್ತಿತ್ತು.

ಡಾಟಿಯ ಅಂಗಡಿಯಲ್ಲಿ ಬಂಗಲೆಯ ಮಾತು ಬಂದರೆ ಈಗ ಎಲ್ಲರೂ ಆರ್ಲೋನ ಬಾಯಿ ನೋಡುವರು. ಅವನು ಯಜಮಾನನನ್ನು ಬೈಯುವನು, ಬೀಗವನ್ನು ಬೈಯುವನು, ಗಾರ್ತ್‌ನ ಹೆಸರು ಬರುವ ಹೊತ್ತಿಗೆ ಕಾಫಿ ಸರಿ ಇಲ್ಲ ಎಂದು ಎದ್ದು ಹೋಗುವನು. ರಸ್ತೆಯಲ್ಲಿ ಎದುರಾದರೆ ಅವನ ಬೆರಳೂ ಏಳುತ್ತಿತ್ತು. ಎದ್ದದ್ದಕ್ಕೆ ಅವನಿಗೇ ಸಿಟ್ಟು.

ಉಳಿದದ್ದು ಬೆನ್ನಿನ ಸಾಲ ಒಂದೇ. ಮುಂದಿನ ಬೇಟೆಯ ಕಾಲದಲ್ಲಿ ಬೆನ್ನಿಗೆ ಕಟ್ಟಿ ಹೊರೆ ಹೊರುವ ಚೌಕಟ್ಟನ್ನು ಪಿಕಪ್‌ನ ಹಿಂದೆ ಹಾಕಿಕೊಂಡು ಗಾರ್ತ್‌ನ ಮನೆಗೆ ಹೋದ. “ಈ ವಾರ ಬಾ. ಹಿಂಡು ಎಲ್ಲಿದೆ ಗೊತ್ತು. ನೀನು ಹೊಡಿ, ನಾನು ಹೊರ್ತೀನಿ.”

“ಗಿರಾಕಿಗಳಿದಾರೆ.”

ಅದರ ಮುಂದಿನ ವರ್ಷವೂ ಗಿರಾಕಿಗಳಿದ್ದರು. ಆಮೇಲಿನ ವರ್ಷ ಆರ್ಲೋ ಹೋದಾಗ ಗಾರ್ತ್ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಮೊಣಕಾಲಿಗೆ ಉಕ್ಕು ಕೂರಿಸಿದ್ದರು. ಕೀಲಿಕೈ ಈಗ ಬೇರೊಬ್ಬನ ಸೊಂಟದಲ್ಲಿತ್ತು.

“ಡಾಕ್ಟ್ರು ಗುಡ್ಡ ಹತ್ತೋದು ಮುಗೀತು ಅಂದ್ರು,” ಎಂದ ಗಾರ್ತ್. “ಹೊರೋದ್ರಿಂದ ನೀನು ತಪ್ಪಿಸ್ಕೊಂಡ್ಬಿಟ್ಟೆ ಬಿಡು, ಕೋಸ್ಕಿ.”

“ಯಾವನೋ ತಪ್ಪಿಸ್ಕೊಂಡೋನು? ಏಳೋ ಮೇಲೆ! ನಿನ್ನನ್ನೇ ಹೊತ್ಕೊಂಡು ಹೋಗ್ತೀನಿ, ಅಲ್ಲಿ ಕೂತ್ಕೊಂಡು ಹೊಡಿ!”

ಗಾರ್ತ್ ನಕ್ಕ, ನಗುತ್ತಲೇ ಊರುಗೋಲು ಹಿಡಿದು ಒಳಗೆ ಹೋದ. ಆರ್ಲೋ ಅಂಗಳದಲ್ಲಿ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಹಾಕಿದ. ಪಿಕಪ್‌ನ ಚಕ್ರಕ್ಕೆ ಒಂದು ಒದ್ದ. ಗಾಡಿ ಹತ್ತಿ ಕಲ್ಲುರಸ್ತೆಗೆ ತಿರುಗಿಸಿದಾಗ ಹಿಂದೆ ಖಾಲಿ ಚೌಕಟ್ಟು ಎದ್ದೆದ್ದು ಬೀಳುತ್ತಿತ್ತು. ಅದನ್ನು ಅವನು ಇಂದಿಗೂ ಗಾಡಿಯಿಂದ ಇಳಿಸಿಲ್ಲ.