ತಕ್ಕಡಿ ಇಳಿದ ಮೇಲಿನ ಕೊಸರು

ಮೊನ್ನೆ ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಪಕ್ಕ ಎರಡು ಕೆ.ಜಿ. ಬಾದಾಮಿ ಮಾವಿಗೆ ಇನ್ನೂರು ರೂಪಾಯಿ ಕೊಟ್ಟೆ. ನೂರ ಎಪ್ಪತ್ತಕ್ಕೆ ಇಳಿಸುವುದು ನನಗೇನೂ ಕಷ್ಟವಿರಲಿಲ್ಲ. ಅಷ್ಟರಲ್ಲಿ ಮಾರುವಾಕೆ ತೂಗಿದ ಹಣ್ಣನ್ನು ಚೀಲಕ್ಕೆ ಸುರಿದು, ಕೇಳದೆಯೇ ಮೇಲೊಂದು ಹಣ್ಣಿಟ್ಟು, "ತಗೊಳ್ಳಣ್ಣ, ಕೊಸರು" ಅಂದಳು. ಚೌಕಾಸಿ ಬಿಟ್ಟು ಕೇಳಿದಷ್ಟನ್ನೇ ಎಣಿಸಿ ಕೊಟ್ಟೆ.

ಕೊಸರು ಅಂದರೆ ಕೊಂಡದ್ದರ ಮೇಲೆ ಸಿಗುವ ಚೂರು. ಮಾತು ಎಲ್ಲಿಂದ ಬಂತೆಂದು ನಾನು ಯಾವ ಪಂಡಿತರನ್ನೂ ಕೇಳಿಲ್ಲ. ಹಿಡಿದ ಕೈ ಕೊಸರಿಕೊಂಡು ಓಡಿದ ಅನ್ನುತ್ತೇವಲ್ಲ, ಆ ಎಳೆದಾಟವೇ ಇದರ ಬೇರು ಎಂದು ನನ್ನ ಅಂದಾಜು. ಮುಳಬಾಗಿಲಿನ ನಮ್ಮ ಅತ್ತೆಯವರ ತೆಲುಗಿನಲ್ಲಂತೂ ಅದು ಊಟಕ್ಕೂ ಬಂದಿದೆ: ತಟ್ಟೆಗೆ ಕೈ ಅಡ್ಡ ಹಿಡಿದರೂ 'ಕೊಸರಿ ಕೊಸರಿ' ಬಡಿಸುತ್ತಾರೆ. ನನ್ನ ಹೊಟ್ಟೆ ನೋಡಿದರೆ ನೀವು ನಂಬುತ್ತೀರಿ.

ಈ ಕೊಸರಿನ ಗುಟ್ಟು ತಿಳಿಯದೆ ನನ್ನ ಮೊದಲ ಅಂಗಡಿ ಮುಳುಗುವುದರಲ್ಲಿತ್ತು. ಮಾಲೂರು ಸ್ಟೇಷನ್ ದಾರಿಯಲ್ಲಿ, ಹೆಂಡತಿಯ ಬಳೆ ಮಾರಿ ಹಾಕಿದ ತರಕಾರಿ ಅಂಗಡಿ. ಸಂಜೆ ರೈಲಿಳಿದು ಬರುವವರೇ ಗಿರಾಕಿಗಳು. ತರಕಾರಿಯ ತಟ್ಟೆ ಕೆಳಗೆ ವಾಲುವಷ್ಟು ಧಾರಾಳವಾಗಿ ತೂಗುತ್ತಿದ್ದೆ. ಆದರೂ ಒಮ್ಮೆ ಬಂದವರು ಮರುದಿನ ನನ್ನನ್ನು ದಾಟಿ ಪಕ್ಕದಂಗಡಿಗೆ ಹೋಗುತ್ತಿದ್ದರು. ಅಲ್ಲಿ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲ! ಹೀಗೇ ಆದರೆ ಬಾಗಿಲು ಹಾಕುವುದೊಂದೇ ದಾರಿ.

ಒಂದು ಸಂಜೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಸರೋಜಕ್ಕ ಬೀನ್ಸ್ ಕೊಂಡು, ಚೀಲ ಹಿಡಿದು ನಿಂತೇ ಇದ್ದರು.

"ಏಮಪ್ಪಾ, ಕೊಸರೆಲ್ಲಿ?"

"ತೂಕದಲ್ಲೇ ಹಾಕಿದೀನಲ್ಲಕ್ಕ. ತಕ್ಕಡಿ ವಾಲಿದ್ದು ನೋಡ್ಲಿಲ್ವಾ?"

"ತಕ್ಕಡೀಲಿರೋದು ನಾನು ಕಾಸು ಕೊಟ್ಟು ತಗೊಂಡಿದ್ದು. ನೀನು ಕೊಟ್ಟಿದ್ದು ಎಲ್ಲಿ? ಪಕ್ಕದೋನು ನಾಲ್ಕೆಳೆ ಕೊತ್ತಂಬರಿ ಹಾಕಿ, 'ಬಾರಕ್ಕ ನಾಳೆ' ಅಂತಾನೆ. ನೀನು ಮುಖ ಗಂಟಾಕ್ಕೊಂಡು ಮುಳ್ಳು ನೋಡ್ತೀಯ!"

ಅಂದವರೇ ಬುಟ್ಟಿಗೆ ಕೈಹಾಕಿ ಒಂದಿಷ್ಟು ಹಸಿಮೆಣಸಿನಕಾಯಿ ಎತ್ತಿಕೊಂಡರು. ಹಿಂದೆ ನಿಂತಿದ್ದವರು ನಕ್ಕರು. ನಾನೂ ನಕ್ಕೆ, ಅಂಗಡಿ ಇಟ್ಟ ಮೇಲೆ ಗಿರಾಕಿಯ ಮುಂದೆ ನಕ್ಕಿದ್ದು ಅದೇ ಮೊದಲಿರಬೇಕು.

ಮರುದಿನದಿಂದ ಮುಳ್ಳನ್ನು ನೆಟ್ಟಗೆ ನಿಲ್ಲಿಸಿಯೇ ತೂಗಿದೆ. ಮೊದಲು ಹೆಚ್ಚಾಗಿ ಸುರಿಯುತ್ತಿದ್ದುದರಲ್ಲಿ ಅರ್ಧದಷ್ಟನ್ನು ಮಾತ್ರ, ತಕ್ಕಡಿ ಇಳಿಸಿದ ಮೇಲೆ, ಕೈಯಾರೆ ಚೀಲಕ್ಕೆ ಹಾಕಿದೆ. ಕೊಟ್ಟದ್ದು ಕಡಿಮೆಯಾಯಿತು, ಗಿರಾಕಿಗಳು ಹೆಚ್ಚಾದರು. ಬಾಗಿಲು ಹಾಕುವ ಯೋಚನೆ ಮಳೆಗಾಲ ಮುಗಿಯುವುದರೊಳಗೆ ಮರೆತೇಹೋಯಿತು.

ಹಾಗಾಗಿ ಅಂಗಡಿ ಇಡುವವರಿದ್ದರೆ ನನ್ನ ಮಾತು ಕೇಳಿ: ಕೊಡುವುದನ್ನು ತೂಕದೊಳಗೆ ಹೂತಿಡಬೇಡಿ, ಕಣ್ಣಿಗೆ ಕಾಣುವ ಹಾಗೆ ಕೊಡಿ. ಕೊಳ್ಳುವವರಾದರೆ, ಬೆಲೆಗೆ ಜಗ್ಗಾಡುವುದನ್ನು ಬೇಗ ಮುಗಿಸಿ. ಚೀಲದ ಬಾಯಿ ಮಾತ್ರ ಬೇಗ ಮುಚ್ಚಬೇಡಿ.