ಬಾವಿಗಿಳಿದ ಭಾವ

ಮರೆವಿಗೂ ಒಂದು ಶಿಸ್ತಿದೆ ಎಂಬುದು ನನ್ನ ಬಹುಕಾಲದ ಅನುಭವ. ಛತ್ರಿ ಮನೆಯಲ್ಲೇ ಉಳಿಯಿತೆಂದು ಅದು ಹೊಸ್ತಿಲಲ್ಲಿ ಎಂದೂ ಹೇಳುವುದಿಲ್ಲ. ನಮ್ಮೂರು ಸೋಮನೂರಿನಲ್ಲಿ ಹತ್ತಿದ ಬಸ್ಸು ಪಟ್ಟಣದ ಗಾಂಧಿಪುರಂ ಸೇರಿ, ಮುಗಿಲು ಕಪ್ಪಾಗಿ, ಮೊದಲ ಹನಿ ನನ್ನ ಬೋಳುತಲೆಯ ಮೇಲೆ ಬಿದ್ದು ವರ್ಷಾಗಮನವನ್ನು ಸಾರಿದ ಮೇಲಷ್ಟೇ ಮೆಲ್ಲನೆ ನೆನಪಿಸುತ್ತದೆ. ಕನ್ನಡಕವನ್ನು ಮೂಗಿನ ಮೇಲಿಟ್ಟುಕೊಂಡೇ ಕನ್ನಡಕ ಹುಡುಕುವ ಪಂಗಡದವನು ನಾನು. ಹಾಗಾಗಿ ಮರೆಗುಳಿಗಳನ್ನು ಕಂಡರೆ ನನಗೆ ದಾಯಾದಿಗಳನ್ನು ಕಂಡಷ್ಟು ಸಂತೋಷ, ಜಗಳವೊಂದನ್ನು ಬಿಟ್ಟು. ಆದರೆ ಮಿತ್ರರೇ, ನೆಲದ ಮೇಲೆ ಮರೆಯುವುದು ಬೇರೆ, ನೀರೊಳಗೆ ಮರೆಯುವುದು ಬೇರೆ. ಈ ಭೇದವನ್ನು ನಾನು ಕಲಿತದ್ದು ನನ್ನ ಭಾವನವರಿಂದ.

ಭಾವ, ಅಂದರೆ ನಮ್ಮ ಸರಸಕ್ಕನ ಗಂಡ, ಕೊಚ್ಚಿಯ ಬಂದರಿನಲ್ಲಿ ಮುಳುಗುಗಾರರಾಗಿದ್ದರು. ಹಡಗುಗಳ ತಳ ತಪಾಸಣೆ ಅವರ ಕೆಲಸ. ಹಾಸು ಹೊಕ್ಕು ಬಿಟ್ಟರೆ ಬೇರೇನೂ ಅರಿಯದ ನಮ್ಮ ನೇಕಾರರ ಕುಲಕ್ಕೆ, ನೀರಿನ ತಳದಲ್ಲಿ ಸಂಬಳ ಸಂಪಾದಿಸುವ ಅಳಿಯ ಒಂದು ವಿಸ್ಮಯವೇ ಆಗಿದ್ದ. ಎಂಬತ್ತರ ದಶಕದ ಒಂದು ಬೇಸಿಗೆ. ನಮ್ಮ ಮಗ್ಗದ ಶೆಡ್ಡಿನ ಹಿಂದಿನ ಬಾವಿಯಲ್ಲಿ ಮೋಟಾರು ಪಂಪಿನ ಪೈಪಿನ ತುದಿಯ ಕವಾಟ, ಅಂದರೆ ಫುಟ್‌ವಾಲ್ವು, ಕಳಚಿ ತಳಕ್ಕೆ ಬಿದ್ದಿತ್ತು. ಊರಿನಲ್ಲಿ ಬಾವಿಗಿಳಿಯುವ ಗಟ್ಟಿಗರಿಗೆ ಬರವಿರಲಿಲ್ಲ. ಆದರೆ ಮನೆಯಲ್ಲೇ ಸಮುದ್ರಸಿಂಹವಿರುವಾಗ ಹೊರಗಿನವರನ್ನು ಕರೆಯುವುದುಂಟೆ? ನೂಲು ಸಾಗಿಸುವ ಟೆಂಪೋದಲ್ಲಿ ಕೊಚ್ಚಿಯಿಂದ ಭಾವನವರ ಪರಿಕರಗಳೆಲ್ಲ ಬಂದವು: ಗಾಳಿ ತುಂಬಿದ ಸಿಲಿಂಡರು, ಬಾಯಿಗೆ ಕಚ್ಚಿಕೊಳ್ಳುವ ಕೊಳವೆ, ಗಾಜಿನ ಮುಖವಾಡ, ಕಾಲಿಗೆ ತೊಡುವ ಬಾತುಕೋಳಿಯ ಪಾದ, ಕಪ್ಪು ರಬ್ಬರಿನ ಅಂಗಿ.

ಬೆಳಿಗ್ಗೆ ದೋಸೆ ತಿನ್ನುತ್ತಾ ಭಾವ ನಮಗೆ ಜಲಶಾಸ್ತ್ರವನ್ನು ಬೋಧಿಸಿದರು. ಕೆಳಗೆ ಸಿಲಿಂಡರಿನ ಗಾಳಿ ಕುಡಿದವನು ಮೇಲೇರುವಾಗ ಉಸಿರು ಹಿಡಿಯಬಾರದು, ಊದುತ್ತಲೇ ಬರಬೇಕು. ಹೊಸಬರು ಮಾಡುವ ದೊಡ್ಡ ತಪ್ಪೇ ಅದು, ಶ್ವಾಸಕೋಶ ಹರಿದುಹೋಗುತ್ತದೆ ಎಂದರು. ನಾವು 'ಆಹಾ' ಎಂದು ತಲೆದೂಗಿ ಇನ್ನೊಂದು ದೋಸೆ ಹಾಕಿಸಿಕೊಂಡೆವು. ಬಡಿಸುತ್ತಿದ್ದವಳು ಸರಸಕ್ಕ. ನಮ್ಮ ಮನೆಯ ಪದ್ಧತಿಯಂತೆ ಹಿರಿಯರೆದುರು ಗಂಡಹೆಂಡಿರು ಮಾತಾಡುವಂತಿರಲಿಲ್ಲ. ಭಾವನವರಿಗೆ ನೀರು ಬೇಕಾದರೆ ಗೋಡೆಗೆ ಹೇಳುವರು. ಗೋಡೆಯೇ ತಂದುಕೊಟ್ಟಂತೆ ಅಕ್ಕ ಲೋಟವನ್ನು ತಂದಿಟ್ಟು ಹೋಗುವಳು. ಮದುವೆಯಾಗಿ ಇಷ್ಟು ವರ್ಷವಾದರೂ ಇವರಿಬ್ಬರು ಪರಸ್ಪರ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಬಾವಿಯ ಕಟ್ಟೆಯ ಮೇಲೆ ಮೂಟೆ ಬಿಚ್ಚಿದಾಗ ಮರೆವು ತನ್ನ ಶಿಸ್ತನ್ನು ತೋರಿಸಿತು. ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿ ಕೊಚ್ಚಿಯಲ್ಲೇ ಉಳಿದಿತ್ತು. ಕಾಲಿಗೆ ಕಟ್ಟುವ ಚಾಕುವೂ ಅದರ ಜೊತೆಗೇ ಉಳಿದಿತ್ತು. ರಬ್ಬರಿನ ಅಂಗಿ ತೇಲುವ ವಸ್ತು. ಭಾರವಿಲ್ಲದೆ ಅದು ಮುಳುಗಗೊಡುವುದಿಲ್ಲ. ಅಂಗಿಯನ್ನೇ ಬಿಟ್ಟು ಇಳಿಯಬಹುದಿತ್ತು. ಆದರೆ ಬೀದಿಗೆ ಬೀದಿಯೇ ಆ ವೇಷ ನೋಡಲು ನೆರೆದಿತ್ತಲ್ಲ! ಭಾವ ಧುಮುಕಿದರು, ಸೋರೆಬುರುಡೆಯಂತೆ ತೇಲಿದರು. ಜನ ಬಿದ್ದು ಬಿದ್ದು ನಕ್ಕರು.

ಅಳಿಯನ ಮಾನ ಮಾವನ ಮಾನ. ಅಪ್ಪ ಶೆಡ್ಡಿಗೆ ಓಡಿ, ಹಾಸು ಬಿಗಿಯಾಗಿರಲೆಂದು ಮಗ್ಗಕ್ಕೆ ತೂಗುಬಿಡುವ ಕಬ್ಬಿಣದ ಗುಂಡುಗಳನ್ನು ತಂದು, ನೂಲಿನ ಹುರಿಯಲ್ಲಿ ಪೋಣಿಸಿ ಭಾವನವರ ಸೊಂಟಕ್ಕೆ ಕಟ್ಟಿದರು. ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ ಎಂದು ಭಾವ ಹೇಳಿದ್ದು ನಿಜ. ಅಪ್ಪ ಹೂಂಗುಟ್ಟಿದ್ದೂ ನಿಜ. ಆದರೆ ಜೀವಮಾನವಿಡೀ ಕಡಿದ ಎಳೆಗೆ ಗಂಟು ಹಾಕಿದ ಕೈಗೆ ಬಿಚ್ಚುವ ಗಂಟು ಹೇಗೆ ಗೊತ್ತಿರಬೇಕು? ಬೆರಳುಗಳು ತಮ್ಮ ಪಾಡಿಗೆ ತಾವು ನೇಕಾರನ ಗಂಟನ್ನೇ ಬಿಗಿದವು. ಎಳೆದಷ್ಟೂ ಬಿಗಿಯುವ ಗಂಟು ಅದು. ನೆನೆದರಂತೂ ಹತ್ತಿಯ ಹುರಿ ಊದಿ ಕಲ್ಲಾಗುತ್ತದೆ.

"ಭಯ ಬೇಡ ಮಾಪ್ಳೆ, ಉಸುರು ಹೋದ್ರೂ ಈ ಗಂಟು ಬಿಚ್ಚಲ್ಲ" ಎಂದರು ಅಪ್ಪ ಅಳಿಯನಿಗೆ, ಹೆಮ್ಮೆಯಿಂದ. ಇನ್ನೂ ಸ್ವಲ್ಪ ತೇಲುತ್ತಿದ್ದಾರೆಂದು ಕಟ್ಟೆಯ ಮೇಲಿದ್ದವರು ಕೂಗಿದಾಗಲೆಲ್ಲ ಇನ್ನೊಂದು ಗುಂಡು ಸೇರಿತು. ಕೊನೆಗೆ ಭಾವ ಮುಳುಗಿದರು. ನಾವು ಚಪ್ಪಾಳೆ ತಟ್ಟಿದೆವು.

ಅನಂತರ ಕಂಡದ್ದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಬಂಡೆ ಕೊರೆದು ತೋಡಿದ ಆ ಕರಿಬಾವಿಯ ನೀರಿನ ಮೇಲೆ ಬೆಳ್ಳಿಯ ಗುಳ್ಳೆಗಳ ಗೊಂಚಲೊಂದು ಅರಳಿತು, ಒಡೆಯಿತು, ಮತ್ತೆ ಅರಳಿತು. ಕಣ್ಣಿಗೆ ಕಾಣದ ಮನುಷ್ಯನ ಉಸಿರು ನಮ್ಮ ಕಣ್ಣಿಗೆ ಕಾಣುತ್ತಿತ್ತು! ಹುಟ್ಟಿದಂದಿನಿಂದ ಉಸಿರಾಡುತ್ತಿದ್ದರೂ ಉಸಿರನ್ನು ನಾನು ನೋಡಿದ್ದು ಅದೇ ಮೊದಲು. ಗದ್ದಲದ ಜನವೆಲ್ಲ ಕಟ್ಟೆಯ ಮೇಲೆ ಬಾಗಿ ನೋಡತೊಡಗಿತು.

ಇಳಿಬಿಟ್ಟಿದ್ದ ಹಗ್ಗ ಜಗ್ಗಿತು. ಎಳೆದೆವು, ಕೆಸರು ಮೆತ್ತಿದ ಫುಟ್‌ವಾಲ್ವು ಬಂತು. ಅಬ್ಬಾ, ಅದಕ್ಕೆ ನಡೆದ ಉಪಚಾರವೇ! ಒಬ್ಬ ತೊಳೆದ, ಒಬ್ಬ ಒರೆಸಿದ. ಆಗತಾನೆ ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ್ದ ನಾನು ಮಾನವನ ಜಲವಿಜಯದ ಬಗ್ಗೆ ಒಂದು ಸಣ್ಣ ಭಾಷಣವನ್ನೇ ಆರಂಭಿಸಿದೆ. ಹಗ್ಗವೂ ಮೇಲೆ ಬಂದುಬಿಟ್ಟಿತೆಂದು, ಪಂಪಿನ ಪೈಪನ್ನು ಮೊದಲೇ ಎತ್ತಿಟ್ಟಿದ್ದೆವೆಂದು, ಕೆಳಗಿರುವವರಿಗೆ ಹಿಡಿಯಲು ಏನೂ ಉಳಿದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಮರೆತ ಸಾಮಾನುಗಳಲ್ಲಿ ಅತಿ ದೊಡ್ಡದು ಆ ಗಳಿಗೆಯಲ್ಲಿ ಭಾವನವರೇ.

"ಅಪ್ಪಾ! ಗುಳ್ಳೆ ಒಂದೇ ಕಡೆ ಬರ್ತದೆ, ಅವ್ರು ಮೇಲೆ ಬರ್ತಿಲ್ಲ!"

ಹಿರಿಯರೆದುರು ದನಿಯೆತ್ತದ ಸರಸಕ್ಕ ಕಟ್ಟೆಯ ಅಂಚಿನಲ್ಲಿ ನಿಂತು ಕೂಗುತ್ತಿದ್ದಳು. ಅವಳೊಬ್ಬಳೇ ಫುಟ್‌ವಾಲ್ವಿನತ್ತ ತಿರುಗಿರಲಿಲ್ಲ. ಆಳದ ಒತ್ತಡಕ್ಕೆ ರಬ್ಬರಿನ ಅಂಗಿ ಹಿಂಡಿ ತೆಳುವಾಗುತ್ತದೆ, ಮೇಲೆ ಸರಿಹೋದ ಭಾರ ಕೆಳಗೆ ಮಿತಿಮೀರುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ಬಳಿಕ. ಆಗ ತಿಳಿದದ್ದು ಇಷ್ಟೇ: ನಮ್ಮ ಭಾವನವರು ಮೇಲೆ ಬರಲಾರದೆ ತಳದಲ್ಲಿ ಸಿಕ್ಕಿಕೊಂಡಿದ್ದಾರೆ, ಗುಳ್ಳೆಗಳು ಮೊದಲಿಗಿಂತ ವಿರಳವಾಗುತ್ತಿವೆ. ಅಪ್ಪ ತಮ್ಮ ಎರಡೂ ಕೈಗಳನ್ನು ನೋಡಿಕೊಂಡು, "ನನ್ನ ಗಂಟು... ಸಾಮೀ, ನನ್ನ ಗಂಟು" ಎಂದು ಅಲ್ಲೇ ಕುಸಿದರು.

ಉಳಿದವರು ಹಗ್ಗ ತನ್ನಿ, ಅವನನ್ನು ಕರೆಯಿರಿ, ಇವನನ್ನು ಕರೆಯಿರಿ ಎಂದು ಓಡಾಡುತ್ತಿರುವಾಗ ಅಕ್ಕ ಎಳೆ ಕತ್ತರಿಸುವ ಪುಟ್ಟ ಕತ್ತರಿಯನ್ನು ಹಲ್ಲಿನಲ್ಲಿ ಕಚ್ಚಿ, ಸೀರೆಯನ್ನು ಕಚ್ಚೆ ಬಿಗಿದು, ಮಿಕ್ಕಿದ್ದ ಗುಂಡೊಂದನ್ನು ಎದೆಗವಚಿ ಧುಮುಕಿಯೇಬಿಟ್ಟಳು. ಬಾಲ್ಯದಲ್ಲಿ ಅದೇ ಬಾವಿಯಲ್ಲಿ ಈಜು ಕಲಿತವಳು. ಗುಳ್ಳೆಗಳು ಬರುವ ದಾರಿಯಲ್ಲೇ ನೇರವಾಗಿ ಇಳಿದಳು.

ನೀರು ಮುಚ್ಚಿಕೊಂಡಿತು. ಒಂದು ಗೊಂಚಲು ಬಂತು. ಆಮೇಲೆ ಬರಲಿಲ್ಲ.

ಗುಳ್ಳೆಗಳು ನಿಂತೇಹೋದವು. ಅಮ್ಮ ಬಾಯಿ ಬಡಿದುಕೊಂಡು ಅಳಲು ಶುರುಮಾಡಿದಳು. ಇಬ್ಬರೂ ಹೋದರು ಎಂದೇ ನಾನು ನಂಬಿಬಿಟ್ಟೆ. ಅಷ್ಟರಲ್ಲಿ ನೀರಿನ ಮೇಲೆ ಮತ್ತೆ ಗುಳ್ಳೆ ಬಂತು, ಸಣ್ಣದು, ಅವಸರದ್ದು. ಬಳಿಕ ಒಂದು ವಿರಾಮ. ಬಳಿಕ ದೊಡ್ಡದೊಂದು, ನಿಧಾನದ್ದು. ಮತ್ತೆ ವಿರಾಮ, ಮತ್ತೆ ಸಣ್ಣದು. ಅದು ಭಾವನವರ ಉಸಿರಿನ ಲಯವಾಗಿರಲಿಲ್ಲ. ಯಾವ ಒಬ್ಬ ಮನುಷ್ಯನ ಲಯವೂ ಆಗಿರಲಿಲ್ಲ. ಏನೆಂದು ಅರ್ಥವಾಗದೆಯೂ ನಾನು ಕೈ ಮುಗಿದು ನಿಂತಿದ್ದೆ.

ಇಬ್ಬರೂ ಒಟ್ಟಿಗೆ ಮೇಲೆ ಬಂದರು. ಭಾವನವರ ಸೊಂಟದಲ್ಲಿ ಹುರಿಯೂ ಇರಲಿಲ್ಲ, ಗುಂಡುಗಳೂ ಇರಲಿಲ್ಲ. ಅಕ್ಕ ಬಾಯಿಯಿಂದ ಉಸಿರನ್ನು ಊದುತ್ತಲೇ ಬಂದಳು; ದೋಸೆಯ ಹೊತ್ತಿನ ಪಾಠವನ್ನು ಕೇಳಿಸಿಕೊಂಡವಳು ಅವಳೊಬ್ಬಳೇ ಎಂದು ಆಗ ತಿಳಿಯಿತು. ಕಟ್ಟೆಯ ಮೇಲೆ ಕೂರಿಸಿದಾಗ ಅವಳು ಮೊದಲು ಮಾಡಿದ ಕೆಲಸ ಒದ್ದೆ ಸೆರಗನ್ನು ಸರಿಮಾಡಿಕೊಂಡು ಭಾವನವರಿಂದ ಒಂದು ಮಾರು ದೂರ ಸರಿದು ಕೂತದ್ದು. ಭಾವ ಗೋಡೆಯ ಕಡೆ ತಿರುಗಿ ಕುಡಿಯಲು ನೀರು ಕೇಳಿದರು.

ಆಮೇಲೊಂದು ದಿನ, ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಾಗ, ಕೆಳಗೆ ಏನಾಯಿತೆಂದು ಕೇಳಿದೆ. ಅವಳು ಸೌಟನ್ನು ತಿರುವುತ್ತಲೇ, ಎಂದಿನಂತೆ ನನ್ನನ್ನು 'ಸಾಮಿ' ಎಂದು ಪ್ರೀತಿಯಿಂದ ಕರೆದು ಹೇಳಿದಳು.

"ಒಂದೂ ಕಾಣ್ಸಲಿಲ್ಲ ಸಾಮಿ, ಎಲ್ಲಾ ಇರುಟ್ಟು. ಹುರಿ ಹಿಡ್ಕೊಂಡೆ, ಕೊಯ್ಯಾಕೆ ಆಗ್ಲಿಲ್ಲ, ನನ್ನ ಉಸುರು ಮುಗೀತು. ಬಿಟ್ಟು ಮೇಲೆ ಬರಾಣ ಅಂತ ತಿರುಗ್ದೆ. ಅವ್ರು ನನ್ನ ಕೈ ಹಿಡ್ದು, ತಮ್ಮ ಬಾಯಾಗಿದ್ದಿದ್ದು ತೆಗ್ದು ನನ್ನ ಬಾಯಿಗೆ ಇಟ್ರು. ಅವ್ರಿಗೇ ಸಾಲ್ದೆ ಇದ್ದ ಗಾಳಿ. ಮೊದಲು ನನ್ಗೇ ಕೊಟ್ರು."