ಕರೇಕಲ್ಲಹಟ್ಟಿಯ ಹದಿನಾಲ್ಕು ಮನೆಗಳು ಮತ್ತು ನಾಗಲಿಂಗಯ್ಯ ಮೇಷ್ಟ್ರು

ಚರಿತ್ರೆಯೆಂದರೆ ಶಾಸನ, ತಾಮ್ರಪಟ ಮತ್ತು ಅರಸರ ವಂಶಾವಳಿ ಎಂದೇ ನಂಬಿದ್ದ ನಮ್ಮ ಸೀಮೆಯ ವಿದ್ವಾಂಸರ ನಡುವೆ ಶ್ರೀಮಾನ್ ನಾಗಲಿಂಗಯ್ಯನವರದು ಬೇರೆಯೇ ದಾರಿ. ಕಳೆದ ಶತಮಾನದ ಖಾನೇಸುಮಾರಿ ಕಟ್ಟುಗಳನ್ನು, ಎಂದರೆ ಜನಗಣತಿಯ ಹಳೆಯ ಮನೆಪಟ್ಟಿಗಳನ್ನು, ಬಿಚ್ಚಿ ಓದಿ ಅವುಗಳಿಂದಲೇ ಅಂದಿನ ಜನಜೀವನವನ್ನು ಕಣ್ಣಮುಂದೆ ನಿಲ್ಲಿಸಿದವರು ಅವರು. ಸಿರಾದಲ್ಲಿ ಮಗ್ಗಗಳೆಷ್ಟಿದ್ದವು, ಕೊರಟಗೆರೆಯ ಬಳೆಗಾರರ ಮಕ್ಕಳು ಯಾವ ಕಸುಬು ಹಿಡಿದರು, ಮಧುಗಿರಿಯಲ್ಲಿ ವಿಧವೆಯರೇ ಯಜಮಾನಿಕೆ ನಡೆಸಿದ ಮನೆಗಳೆಷ್ಟು ಎಂಬುದನ್ನು ಪುಸ್ತಕ ನೋಡದೆ ಹೇಳಬಲ್ಲವರು ಮೈಸೂರು ಸಂಸ್ಥಾನದಲ್ಲೇ ವಿರಳ. ಮೂವತ್ತನಾಲ್ಕು ವರ್ಷ ಉಪಾಧ್ಯಾಯರಾಗಿದ್ದು ಈ ೧೯೪೭ರಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಶಿಷ್ಯರು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಅವರು ಒಪ್ಪಿದ್ದು ಒಂದೇ ಕರಾರಿನ ಮೇಲೆ: ತಾವು ಮಾಡಿದ ದೊಡ್ಡ ತಪ್ಪನ್ನು ಯಾರಾದರೂ ಮರೆಮಾಚದೆ ಬರೆಯಬೇಕು. ಗುರುಗಳ ಅಪ್ಪಣೆ ಮೀರುವ ಧೈರ್ಯ ಶಿಷ್ಯರಿಗಿಲ್ಲ.

ಮೇಷ್ಟ್ರು ೧೯೧೩ರಲ್ಲಿ ಸಿರಾದ ಶಾಲೆಗೆ ಸೇರಿದರು. ಇಪ್ಪತ್ತೊಂದರ ಖಾನೇಸುಮಾರಿಯಲ್ಲಿ ಮನೆಮನೆ ಎಣಿಸುವ ಕೆಲಸ ಅವರ ಪಾಲಿಗೂ ಬಂತು. ಪಟ್ಟಿಗಳನ್ನು ಒಪ್ಪಿಸಲು ಹೋದಾಗ ಕಚೇರಿಯ ದಫ್ತರಿನ ಕೋಣೆಯ ಮೂಲೆಯಲ್ಲಿ ಐವತ್ತು ವರ್ಷದ ಹಿಂದಿನ ಕಟ್ಟುಗಳು ಕಂಡವು. ಅಂದಿನಿಂದ ರಜೆಯ ದಿನಗಳೆಲ್ಲ ಆ ಕಟ್ಟುಗಳಿಗೇ ಮೀಸಲು. ಸಂಜೆ ಅವರು ಮೈತುಂಬ ಧೂಳು ಹೊತ್ತು ಸೀನುತ್ತ ಬಂದರೆ, ಪತ್ನಿ ಅಶ್ವತ್ಥಮ್ಮನವರು ಕೋಟನ್ನು ಬೀದಿಯಲ್ಲೇ ಕೊಡವಿಸಿ, ತಲೆಗೆ ನೀರು ಹಾಕಿಸಿ, ಆಮೇಲೆ ಒಳಗೆ ಬಿಡುತ್ತಿದ್ದರು. ತರಗತಿಯಲ್ಲಿ ಹೊಸ ವಿದ್ಯಾರ್ಥಿಯ ಊರು, ಮನೆತನ ಕೇಳಿಕೊಂಡು, ವಾರ ಕಳೆಯುವುದರಲ್ಲಿ ಅವನ ಮುತ್ತಾತನ ಹೆಸರು ಹುಡುಕಿ ತರುತ್ತಿದ್ದರು. ಕಲ್ಲುಕುಟಿಗರ ಕದರಪ್ಪನಿಗೆ, "ನಿಮ್ಮ ತಾತ ಇಪ್ಪತ್ತಮೂರನೆಯ ಮನೆ, ಕಸುಬು ಕಲ್ಲುಕೆಲಸ, ಎರಡು ಎತ್ತಿನ ಒಡೆಯ" ಎಂದು ಎಲ್ಲರೆದುರು ಓದಿ ಹೇಳಿದ ದಿನದಿಂದ ಕದರಪ್ಪ ಹಿಂದಿನ ಸಾಲು ಬಿಟ್ಟು ಮುಂದೆ ಕೂರತೊಡಗಿದ.

ಇನ್ನು ತಪ್ಪಿನ ವಿಚಾರ. ಮಧುಗಿರಿಗೆ ವರ್ಗವಾಗಿ ಬಂದ ಮೇಲೆ, ೧೯೨೮ರಲ್ಲಿ, ೧೮೭೬ರ ಧಾತು ಸಂವತ್ಸರದ ಬರವನ್ನು ಕುರಿತು ಅವರೊಂದು ಉಪನ್ಯಾಸ ಮಾಡಿದರು. ಪಾವಗಡ ಸೀಮೆಯ ಕರೇಕಲ್ಲಹಟ್ಟಿಯಲ್ಲಿ ಎಪ್ಪತ್ತೊಂದರ ಪಟ್ಟಿಯಂತೆ ಹದಿನಾಲ್ಕು ಮನೆ, ಅರವತ್ತೊಂದು ಜನ. ಎಂಬತ್ತೊಂದರ ಪಟ್ಟಿಯಲ್ಲಿ ಆ ಊರಿನ ಮುಂದೆ 'ಬೇಚಿರಾಕ್', ಜನವಸತಿಯಿಲ್ಲ, ಎಂಬ ಒಂದೇ ಮಾತು. "ಬರದ ಬಾಯಿಂದ ಒಂದು ನರಪಿಳ್ಳೆಯೂ ಉಳಿಯಲಿಲ್ಲ" ಎಂದು ಮೇಷ್ಟ್ರು ಓದಿದಾಗ ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಉಪನ್ಯಾಸ ಅಚ್ಚಾಯಿತು. ಆ ವಾಕ್ಯದ ಮೇಲೆ ಮೇಷ್ಟ್ರಿಗೆ ಒಳಗೊಳಗೇ ಬಹಳ ಅಭಿಮಾನವಿತ್ತು.

ಒಂಬತ್ತು ವರ್ಷದ ತರುವಾಯ ಒಂದು ಮಧ್ಯಾಹ್ನ ಶಾಲೆಯ ಜಗುಲಿಗೆ ಒಬ್ಬ ಮುದುಕಿ ಬಂದಳು. ಹೆಸರು ಬೊಮ್ಮಕ್ಕ, ಚನ್ನರಾಯನದುರ್ಗದ ಕೋಟೆಯ ಬುಡದ ಕೇರಿಯವಳು. ಜೊತೆಗೆ ತಮ್ಮನ ಮಗ ಪಾಲಪ್ಪ. ಅವಳು ಕೈಮುಗಿಯಲಿಲ್ಲ.

"ನೀವೇ ಏನ್ ಸಾಮಿ ನಮ್ಮನ್ನೆಲ್ಲ ಸಾಯಿಸ್ದೋರು? ನೋಡ್ಕಳಿ, ನಾನು ಬದ್ಕೇ ಇವ್ನಿ."

ವಿಷಯವನ್ನು ಪಾಲಪ್ಪ ಬಿಡಿಸಿ ಹೇಳಿದ. ಪಾಳುಬಿದ್ದ ಕರೇಕಲ್ಲಹಟ್ಟಿಯ ಭೂಮಿಗೆ ರೇಣುಕಯ್ಯ ಎಂಬವರು ತಮಗೆ ಮಂಜೂರು ಮಾಡಬೇಕೆಂದು ದರಖಾಸ್ತು ಹಾಕಿದ್ದರು. ಅದು ನಮ್ಮ ಹಿರಿಯರ ಊರು, ನಮಗೇ ಬಿಟ್ಟುಕೊಡಿ ಎಂದು ಇವರು ಅರ್ಜಿ ಕೊಟ್ಟರೆ, ಆ ಊರಿನವರು ಒಬ್ಬರೂ ಉಳಿದಿಲ್ಲವೆಂದು ವಿದ್ವಾಂಸರಾದ ನಾಗಲಿಂಗಯ್ಯನವರೇ ಬರೆದಿದ್ದಾರಲ್ಲ ಎಂಬ ಉತ್ತರ ಬಂತು. ವಿಚಾರಣೆಗೆ ಇನ್ನು ಎರಡು ತಿಂಗಳು. ಅದು ಮುಗಿದರೆ ಊರು ಕೈಬಿಟ್ಟಂತೆಯೇ.

ಮೇಷ್ಟ್ರ ಮುಖ ಸಪ್ಪಗಾಯಿತು. ಬೇರೆಯವರಾಗಿದ್ದರೆ ಅಚ್ಚಾದ ಮಾತಿಗೆ ಅಂಟಿಕೊಂಡು ಮುದುಕಿಯನ್ನು ಸಾಗಹಾಕುತ್ತಿದ್ದರು. ಇವರು ಅವಳನ್ನು ಕೂರಿಸಿ, ಮಜ್ಜಿಗೆ ತರಿಸಿ, ತಮ್ಮದೇ ವಾಕ್ಯವನ್ನು ಸುಳ್ಳು ಮಾಡುವ ಕೆಲಸಕ್ಕೆ ಅಂದೇ ತೊಡಗಿದರು.

ಕೆಲಸ ಸುಲಭದ್ದಾಗಿರಲಿಲ್ಲ. ಬರದಲ್ಲಿ ಗುಳೆ ಹೊರಟವರು ಚನ್ನರಾಯನದುರ್ಗ ಸೇರಿದ್ದರೆ ಅಲ್ಲಿಯ ಎಂಬತ್ತೊಂದರ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿ ಹೆಸರುಗಳಿದ್ದವು, ನಿಜ. ಆದರೆ ಓಬಳಯ್ಯ, ಬೋರಯ್ಯ, ಹನುಮಕ್ಕ ಎಂಬ ಹೆಸರುಗಳು ಯಾವ ಊರಲ್ಲಿಲ್ಲ? ಬಂದ ಊರಿನ ಹೆಸರನ್ನು ಶಾನುಭೋಗರು ಬರೆದಿರಲೂ ಇಲ್ಲ. ಒಂದೂವರೆ ತಿಂಗಳು ಸವೆಯಿತು. ಮೇಷ್ಟ್ರು ಸೊರಗಿದರು. ಊಟಕ್ಕೆ ಕೂತರೂ ಬೆರಳಿನಲ್ಲಿ ಎಣಿಸುತ್ತಾರೆಂದು ಅಶ್ವತ್ಥಮ್ಮನವರು ಗೊಣಗಿದರು.

ಕೊನೆಗೊಂದು ಭಾನುವಾರ ಅವರು ಚನ್ನರಾಯನದುರ್ಗಕ್ಕೇ ಹೋಗಿ ಬೊಮ್ಮಕ್ಕನ ಜೊತೆ ಕೇರಿಯಲ್ಲಿ ನಡೆದರು. ಅವಳು ಒಂದೊಂದೇ ಮನೆ ತೋರಿಸುತ್ತ ಹೋದಳು. ಎಲ್ಲ ಊರಲ್ಲೂ ಅಂಚಿಗಿರುವ ಕಮ್ಮಾರನ ಮನೆ ಇಲ್ಲಿ ನಟ್ಟನಡುವೆ ಇತ್ತು. ಇದೇಕೆ ಹೀಗೆ ಎಂದು ಮೇಷ್ಟ್ರು ಸುಮ್ಮನೆ ಕೇಳಿದರು.

"ನಮ್ಮೂರಾಗೆ ಹೆಂಗಿತ್ತೋ ಇಲ್ಲೂ ಅಂಗೇ ಕಟ್ಕಂಡ್ರು ಸಾಮಿ. ಪಕ್ಕದ ಮನೇರು ಬದ್ಲಾದ್ರೆ ನಿದ್ದೆ ಹತ್ತಾಕಿಲ್ಲ ಅಂತಿದ್ದ ನಮ್ಮಪ್ಪ."

ಮೇಷ್ಟ್ರು ನಿಂತಲ್ಲೇ ನಿಂತುಬಿಟ್ಟರು. ಶಾನುಭೋಗರು ಕೇರಿಯ ಒಂದು ತುದಿಯಿಂದ ನಡೆಯುತ್ತ, ಮನೆ ಸಿಕ್ಕ ಹಾಗೆ ಬರೆಯುತ್ತ ಹೋಗುವವರು. ಅಂದರೆ ಪಟ್ಟಿಯೆಂಬುದು ಒಂದು ಬೀದಿ. ತಾವು ಹದಿನಾರು ವರ್ಷ ಅದರಲ್ಲಿ ತಲೆಗಳನ್ನು ಎಣಿಸಿದ್ದರೇ ಹೊರತು ಒಂದು ಸಲವೂ ನಡೆದು ನೋಡಿರಲಿಲ್ಲ! ಮರುದಿನ ಹಟ್ಟಿಯ ಎಪ್ಪತ್ತೊಂದರ ಪಟ್ಟಿ, ದುರ್ಗದ ಎಂಬತ್ತೊಂದರ ಪಟ್ಟಿ ಎರಡರ ನಕಲನ್ನೂ ಪಕ್ಕಪಕ್ಕ ಹಾಸಿದರು. ಪೂಜಾರಿ, ಕುರುಬ, ಕುಂಬಾರ, ಕಮ್ಮಾರ ಎಲ್ಲ ಅದೇ ಸಾಲಿನಲ್ಲಿದ್ದರು, ವಯಸ್ಸಿಗೆ ಮಾತ್ರ ಹತ್ತು ಕೂಡಿತ್ತು. ನಾಲ್ಕು, ಹತ್ತು, ಹದಿಮೂರನೆಯ ಮನೆಗಳಿರಲಿಲ್ಲ. ಆ ಮನೆಯವರು ದಾರಿಯಲ್ಲೇ ತೀರಿಹೋದರೆಂದು ಬೊಮ್ಮಕ್ಕ ಮೊದಲೇ ಹೇಳಿದ್ದಳು. ಉಳಿದ ಹನ್ನೊಂದೂ ಸಿಕ್ಕಿದವು. ಎಪ್ಪತ್ತೊಂದರ ಪಟ್ಟಿಯ ಒಂಬತ್ತನೆಯ ಮನೆಯಲ್ಲಿ, ಬೋರಯ್ಯನ ಹೆಸರಿನ ಕೆಳಗೆ, "ಹೆಣ್ಣು ಕೂಸು ಒಂದು, ಹೆಸರಿಟ್ಟಿಲ್ಲ" ಎಂದಿತ್ತು. ಆ ಕೂಸೇ ಬೊಮ್ಮಕ್ಕ.

ಪಾವಗಡದ ವಿಚಾರಣೆಗೆ ಕೇರಿಗೆ ಕೇರಿಯೇ ನಡೆದು ಬಂತು. ರೇಣುಕಯ್ಯನವರ ಕಡೆಯವರು ಮೇಷ್ಟ್ರ ಅಚ್ಚಾದ ಉಪನ್ಯಾಸವನ್ನು ತೆಗೆದು, ನರಪಿಳ್ಳೆಯ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಇದಕ್ಕೇನನ್ನುತ್ತೀರಿ ಎಂದು ಅಮಲ್ದಾರರು ಕೇಳಿದರು.

"ಬರೆದವನು ನಾನೇ ಸ್ವಾಮಿ, ತಪ್ಪು ಬರೆದಿದ್ದೇನೆ. ಹನ್ನೊಂದು ಮನೆಯವರು ನಿಮ್ಮ ಪಡಸಾಲೆಯಲ್ಲೇ ನಿಂತಿದ್ದಾರೆ. ಪಟ್ಟಿ ಹಿಡಿದು ಕೂಗಿಸಿ."

ಅಮಲ್ದಾರರು ಹಳೆಯ ಪಟ್ಟಿ ತರಿಸಿ ಕೂಗಿಸಿದರು. ನಾಲ್ಕನೆಯದೊಂದನ್ನು ಬಿಟ್ಟು ಒಂದೊಂದು ಹೆಸರಿಗೂ ಮಗನೋ ಮೊಮ್ಮಗಳೋ ಮುಂದೆ ಬಂದರು. ಹತ್ತನೆಯ ಹೆಸರಿಗೂ ಯಾರೂ ಓಗೊಡದೆ, ಆ ಮನೆಯವರು ಗುಳೆಯ ದಾರಿಯಲ್ಲೇ ಸತ್ತರೆಂದು ಬೊಮ್ಮಕ್ಕ ಹೇಳಿದಾಗ ಮನ ಕರಗಿ ರೇಣುಕಯ್ಯನವರೇ ಎದ್ದು, ತಮ್ಮ ದರಖಾಸ್ತನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ಊರು ಊರಿನವರದಾಯಿತು. ಆ ದಿನ ಪಾವಗಡದ ಬೀದಿಯಲ್ಲಿ ತಮಟೆಯ ಮುಂದೆ ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿದರು. ತನ್ನ ಮಾತು ತಪ್ಪೆಂದು ರುಜುವಾತಾದದ್ದಕ್ಕೆ ಮೆರವಣಿಗೆ ಮಾಡಿಸಿಕೊಂಡ ವಿದ್ವಾಂಸ ಈ ಸೀಮೆಯಲ್ಲಿ ಇವರೊಬ್ಬರೇ ಇರಬೇಕು.

ಕರೇಕಲ್ಲಹಟ್ಟಿಯಲ್ಲಿ ಮನೆಗಳು ಮತ್ತೆ ಎದ್ದವು, ಹಳೆಯ ಸಾಲಿನಲ್ಲೇ, ಮೂರು ನಿವೇಶನಗಳನ್ನು ಖಾಲಿ ಬಿಟ್ಟು. ನಲವತ್ತೊಂದರ ಖಾನೇಸುಮಾರಿಗೆ ಆ ಊರನ್ನು ಕೇಳಿ ಪಡೆದು ಎಣಿಸಿದವರು ಮೇಷ್ಟ್ರೇ. ಒಂಬತ್ತನೆಯ ಮನೆಯ ಮುಂದೆ ಕೂತು "ಬೊಮ್ಮಕ್ಕ, ಹೆಣ್ಣು, ವಯಸ್ಸು ಎಪ್ಪತ್ತು" ಎಂದು ದುಂಡಗೆ ಬರೆದು, ಅವಳಿಗೆ ಓದಿ ಹೇಳಿದರು.

"ಸರಿಯಾಗಿ ಬರ್ಕಂಡ್ರಾ? ಇನ್ನೊಂದ್ಸಲ ಸಾಯಿಸ್ಬ್ಯಾಡಿ" ಎಂದಳು ಬೊಮ್ಮಕ್ಕ. ಮೇಷ್ಟ್ರು ನಗಲು ಹೋಗಿ ಅತ್ತುಬಿಟ್ಟರು.

ಬೊಮ್ಮಕ್ಕ ಈಗಲೂ ಗಟ್ಟಿಯಾಗಿದ್ದಾಳೆ. ಮೇಷ್ಟ್ರ ನಿವೃತ್ತಿಯ ಸುದ್ದಿ ಕೇಳಿ ಮಧುಗಿರಿಗೆ ಬಂದು, ಪಕ್ಕದ ಹತ್ತನೆಯ ಮನೆ ಖಾಲಿ ಬಿದ್ದಿರುವುದು ತನಗೆ ಸರಿಕಾಣದೆಂದೂ, ಮೇಷ್ಟ್ರು ಅಲ್ಲಿ ಮನೆ ಕಟ್ಟಿಕೊಂಡು ಬಂದಿರಲು ಊರವರೆಲ್ಲ ಒಪ್ಪಿದ್ದಾರೆಂದೂ ಅಶ್ವತ್ಥಮ್ಮನವರಿಗೇ ಹೇಳಿ ಒಪ್ಪಿಸಿದಳು. ಗೋಡೆ ಈಗ ಎದೆಮಟ್ಟಕ್ಕೆ ಬಂದಿದೆ. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಕಟ್ಟುಗಳಿನ್ನೂ ಬೇಕಾದಷ್ಟು ಉಳಿದಿವೆ. ಅಲ್ಲಿ ಕೂತು ಅವನ್ನೆಲ್ಲ ಓದಿ ಮುಗಿಸುವಷ್ಟು ಆಯುರಾರೋಗ್ಯ ಗುರುಗಳಿಗಿರಲಿ. ಐವತ್ತೊಂದರಲ್ಲಿ, ಅರವತ್ತೊಂದರಲ್ಲಿ, ಎಪ್ಪತ್ತೊಂದರಲ್ಲಿ ಎಣಿಸಲು ಬರುವವರು ಕರೇಕಲ್ಲಹಟ್ಟಿಯ ಹತ್ತನೆಯ ಬಾಗಿಲು ತಟ್ಟಿದಾಗಲೆಲ್ಲ ಒಳಗಿನಿಂದ ಸೀನಿನ ಸದ್ದು ಕೇಳಿಬರಲಿ. "ನಾಗಲಿಂಗಯ್ಯ, ಗಂಡು, ಇದ್ದಾರೆ" ಎಂದು ಅವರು ಬರೆದುಕೊಳ್ಳಲಿ.